ಸೂಜಿಯ ವಕ್ರವೂ ಮಸ್ಕಿಯ ಪರಿಹಾರವೂ

ಮೊಮ್ಮಗನ ತೊಟ್ಟಿಲ ಕಾರ್ಯದ ದಿನ ಏನೇನು ಕೆಡಬಹುದು ಎಂಬುದನ್ನು ನಾನು ಹದಿನೈದು ದಿನ ಮೊದಲೇ ಯೋಚಿಸಿ ಇಟ್ಟುಕೊಂಡಿದ್ದೆ. ತೊಟ್ಟಿಲು ತೂಗುಹಾಕುವ ತೊಲೆಗೆ ಒಳಗಿನಿಂದ ಹುಳು ಹಿಡಿದಿರಬಹುದು. ತೊಲೆ ಗಟ್ಟಿಯಿದ್ದರೆ ಹಗ್ಗ ಹರಿಯಬಹುದು. ಹಗ್ಗವೂ ಗಟ್ಟಿಯಿದ್ದರೆ, ಲಿಂಗಸುಗೂರಿನಿಂದ ಬೀಗರನ್ನು ತರುವ ಮೋಟಾರು ಬಸ್ಸು ಮಸ್ಕಿಯ ಹಳ್ಳದಲ್ಲಿ ಕೆಟ್ಟು ನಿಲ್ಲಬಹುದು. ಅಥವಾ ಎಂದೂ ಇಲ್ಲದಂತೆ ಆ ದಿನವೇ ಹೊತ್ತಿಗೆ ಮೊದಲು ಬಂದು, ಹೋಳಿಗೆಯ ಹೂರಣ ಇನ್ನೂ ಒರಳಿನಲ್ಲಿರುವಾಗ ಬೀಗರನ್ನು ಬಾಗಿಲಲ್ಲಿ ಇಳಿಸಬಹುದು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಗಾಬರಿಯಲ್ಲಿ ಬಾಯಿಗೆ ಬಂದ ಮೊದಲ ಹೆಸರನ್ನು ಉಸುರಿ, ಆ ಹೆಸರೇ, ಪಾಪ, ಕೂಸಿಗೆ ಜೀವಮಾನವಿಡೀ ಅಂಟಿಕೊಳ್ಳಬಹುದು. ಕೂಸು ಅಳಬಹುದು. ಅಳದಿದ್ದರೆ, ಯಾಕೆ ಅಳಲಿಲ್ಲ ಎಂದು ಬೀಗತಿ ಕೇಳಬಹುದು.

"ಚಿಂತಿ ಮಾಡೋದು ನಿಮ್ಮ ನೌಕರಿ, ಸಾಲಿ ಕಲಿಸೋದು ಮ್ಯಾಲಿನ ಕೆಲಸ" ಎಂದು ನನ್ನ ಹೆಂಡತಿ ನೀಲಮ್ಮ ಹೇಳುವುದುಂಟು. ಸಿಂಧನೂರಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಮಾಸ್ತರಿಕೆ ಮಾಡಿದವನಿಗೆ ಇದು ಒಪ್ಪುವ ಮಾತಲ್ಲ. ಆದರೆ ಸುಳ್ಳೆಂದು ಹೇಳುವ ಧೈರ್ಯವೂ ನನಗಿಲ್ಲ.

ಇಷ್ಟು ದೊಡ್ಡ ಪಟ್ಟಿಯಲ್ಲಿ ನೀಲಮ್ಮನ ಹೊಲಿಗೆ ಮಷಿನ್ನು ಮಾತ್ರ ಇರಲಿಲ್ಲ. ಅದು ಅವಳ ಅಣ್ಣ ಕೊಟ್ಟ ಕೈಮಷಿನ್ನು. ಮನೆಗೆ ಬಂದ ಹೊಸದರಲ್ಲಿ ಅದರ ಬಗ್ಗೆಯೂ ಕೈತುಂಬ ಚಿಂತೆ ಮಾಡಿದ್ದೆ. ಎಂಟು ವರ್ಷ ಅದು ಟಕಟಕ ಎಂದು ಓಡಿದ್ದರಿಂದ ಅದನ್ನು ಚಿಂತೆಯಿಂದ ನಿವೃತ್ತಿಗೊಳಿಸಿದ್ದೆ. ಅದೇ ತಪ್ಪಾಯಿತು.

ತೊಟ್ಟಿಲಿಗೆ ಹಾಕುವಾಗ ಕೂಸಿಗೆ ಅಜ್ಜಿ ಹೊಲಿದ ಕುಂಚಿಗೆ ಬೇಕು. ತಲೆಗೆ ಟೊಪ್ಪಿಗೆ, ಹಿಂದೆ ಬೆನ್ನಿನ ತನಕ ಇಳಿಬಿಟ್ಟ ಸೆರಗು. ನಮ್ಮ ಬೀಗತಿ ಕೂಸನ್ನು ನೋಡಲು ಬಂದಾಗ ಬಹಳ ಮೃದುವಾಗಿ, "ಹೊಲಿಯಾಕ ತ್ರಾಸ ಆಗತಿದ್ರ ಹೇಳ್ರಿ ಅಕ್ಕಾರ, ನಮ್ಮ ಲಿಂಗಸುಗೂರಾಗ ಭಾರೀ ದರ್ಜಿ ಅದಾನ" ಎಂದು ಹೇಳಿ ಹೋಗಿದ್ದಳು. ಮೃದುವಾಗಿ ಹೇಳಿದ್ದರಿಂದಲೇ ಅದು ನೀಲಮ್ಮನಿಗೆ ಹೆಚ್ಚು ತಾಗಿತು. ತನ್ನ ಮದುವೆಯಲ್ಲಿ ಬಂದ ಖಣದ ಬಟ್ಟೆಯನ್ನು ಪೆಟ್ಟಿಗೆಯ ತಳದಿಂದ ತೆಗೆದಳು. "ನನ್ನ ಕೈಲೆ, ನನ್ನ ಮಷಿನ್ನಿನ ಮ್ಯಾಲ ಹೊಲೀತೀನಿ. ಒಂದು ಹೊಲಿಗಿ ಬಿಡಿಸಿ ತೋರಸ್ಲಿ ಆಕಿ" ಎಂದಳು. ಬೇರೆ ಖಣ ಇರಲಿಲ್ಲ. ಬೇರೆ ಮಾನವೂ ಇರಲಿಲ್ಲ.

ಮಷಿನ್ನಿನ ಸೂಜಿ ಸವೆದಿತ್ತು; ಹೊಸದನ್ನು ತರುವ ಕೆಲಸ ನನಗೆ ಬಿತ್ತು. ಲಿಂಗಸುಗೂರಿಗೆ ಶಾಲೆಯ ಕೆಲಸದ ಮೇಲೆ ಹೋದವನು ಹಿಂದಿರುಗುವಾಗ ಮಸ್ಕಿಯಲ್ಲಿ ಇಳಿದು ಸಂಗಪ್ಪ ಶೆಟ್ಟರ ಅಂಗಡಿಗೆ ಹೋದೆ. ಬೆಲ್ಲ, ಲಾಟೀನಿನ ಗಾಜು, ಎತ್ತಿನ ಗೆಜ್ಜೆ, ಮಷಿನ್ನಿನ ಸಾಮಾನು, ಎಲ್ಲ ಒಂದೇ ಸೂರಿನಡಿ ಸಿಗುವ ಅಂಗಡಿ. ಶೆಟ್ಟರು ಎರಡು ಸೂಜಿಗಳನ್ನು ಕಾಗದದಲ್ಲಿ ಸುತ್ತಿ, "ವಿಲಾಯ್ತಿ ಮಾಲ್ರಿ ಮಾಸ್ತರ್" ಎಂದು ಕೊಟ್ಟರು. ದಾರಿಯುದ್ದಕ್ಕೂ ಅವು ಕಳೆದಾವು ಎಂದು ಚಿಂತಿಸಿದೆ. ಕಳೆದಿದ್ದರೆ ಚೆನ್ನಾಗಿತ್ತು.

ಏಳು ಹೊಲಿಗೆ ಸರಿಯಾಗಿ ಬಿದ್ದವು. ಎಂಟನೆಯದಕ್ಕೆ 'ಟಣ್' ಎಂದಿತು. ಸೂಜಿ ಕೊಕ್ಕೆಯಂತೆ ಬಾಗಿತ್ತು. ಕೆಳಗೆ ದೋಣಿಯಂತೆ ಆಚೀಚೆ ಓಡಾಡುವ ಶಟಲಿನ ಮೂತಿ ಮುರಿದಿತ್ತು. ನೀಲಮ್ಮ ಎರಡನೆಯ ಸೂಜಿಯನ್ನು ತಂದು ನನ್ನ ಶಾಲೆಯ ಕಲ್ಲುಪಾಟಿಯ ಮೇಲೆ ಉರುಳಿಸಿದಳು. ನೆಟ್ಟಗಿನ ಸೂಜಿ ಸುಮ್ಮನೆ ಉರುಳುತ್ತದೆ. ಇದು ಕುಡಿದವನ ಹಾಗೆ ಹೊಯ್ದಾಡಿತು.

"ಸೊಟ್ಟ ಸೂಜಿ ಕೊಟ್ಟಾನ ನಿಮ್ಮ ಶೆಟ್ಟಿ" ಎಂದಳು. ತಂದ ಸೂಜಿ ನೆಟ್ಟಗಿದ್ದಿದ್ದರೆ ಅವರು 'ನಿಮ್ಮ ಶೆಟ್ಟಿ' ಆಗುತ್ತಿರಲಿಲ್ಲ. "ಶಟಲ್ ಅವನೇ ಕೊಡ್ಲಿ. ಹೋಗಿ ಕೇಳ್ರಿ."

ಕೇಳುವುದು! ಎದುರಿಗೆ ನಿಂತು ಕೇಳುವುದು ನನ್ನಿಂದಾಗದ ಕೆಲಸ. ಶೆಟ್ಟರು ಸಿಟ್ಟಿಗೇಳಬಹುದು. ಸಿಟ್ಟಿಗೇಳದೆ ನೊಂದುಕೊಳ್ಳಬಹುದು, ಅದು ಇನ್ನೂ ಕಷ್ಟ. ಆದ್ದರಿಂದ ಕಾಗದ ಬರೆಯಲು ಕುಳಿತೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಓದಿದ್ದೂ ಉರ್ದುವಿನಲ್ಲಿ, ಕಲಿಸಿದ್ದೂ ಉರ್ದುವಿನಲ್ಲಿ. ನಿಜಾಮರ ಆಡಳಿತ ಹೋಗಿ ಶಾಲೆಗೆ ಕನ್ನಡ ಬಂದ ಮೇಲೆ, ಹುಡುಗರಿಗಿಂತ ಒಂದೇ ಒಂದು ಪಾಠ ಮುಂದೆ ಇದ್ದುಕೊಂಡು ಗ್ರಂಥದ ಕನ್ನಡ ಕಲಿಯುತ್ತಿದ್ದೆ. ಕಲಿತದ್ದನ್ನು ಬಳಸುವ ಚಪಲ. ಮನೆಯಲ್ಲಿ ಒಮ್ಮೆ "ಜಲ ಕೊಡು" ಎಂದಾಗ ನೀಲಮ್ಮ ನನ್ನ ಹಣೆ ಮುಟ್ಟಿ, ಜ್ವರ ಇದೆಯೇ ಎಂದು ನೋಡಿದ್ದಳು. ಕಾಗದದಲ್ಲಿ ಆ ತೊಡಕಿಲ್ಲ. ಹೀಗೆ ಬರೆದೆ:

"ಮಾನ್ಯರೇ, ತಮ್ಮಿಂದ ಪಡೆದ ಸೂಚಿಯ ವಕ್ರತೆಯ ದೆಸೆಯಿಂದ ಅಸ್ಮದೀಯ ಯಂತ್ರಕ್ಕೆ ಆಘಾತ ಸಂಭವಿಸಿ, ಗೃಹದಲ್ಲಿ ಶುಭಕಾರ್ಯಕ್ಕೆ ವಿಘ್ನ ಒದಗಿದೆ. ಆದಕಾರಣ ಈ ನಷ್ಟಕ್ಕೆ ತಕ್ಕ ಪರಿಹಾರವನ್ನು ತಾವು ಜರೂರು ಮಾಡಬೇಕು."

ಮೂರು ಸಲ ಓದಿಕೊಂಡೆ. ಕೊನೆಯಲ್ಲಿ ಒಂದು 'ಜರೂರು' ನುಸುಳಿದ್ದು ಬಿಟ್ಟರೆ ನಿಷ್ಕಳಂಕವಾಗಿತ್ತು.

ನಾಲ್ಕನೆಯ ದಿನ ಮೋಟಾರಿನ ಡ್ರೈವರ್ ಕೈಯಲ್ಲಿ ಮಸ್ಕಿಯಿಂದ ಒಂದು ಪೊಟ್ಟಣ ಬಂತು. ಶಟಲೇ ಇರಬೇಕೆಂದು ನೀಲಮ್ಮ ಕೈ ಒರೆಸಿಕೊಂಡು ಬಂದಳು. ಬಿಚ್ಚಿದರೆ ಎರಡು ಲಿಂಬೆಹಣ್ಣು, ಒಂದು ಹಿಡಿ ವಿಭೂತಿ, ಒಂದು ಕಾಗದ. ಶೆಟ್ಟರು ಬರೆದಿದ್ದರು: "ಮಾಸ್ತರರಿಗೆ ಶರಣು. ನಿಮ್ಮ ಕಾಗದ ಓದಿ ಮನ್ಯಾಗ ಯಾರೂ ಉಣ್ಣಲಿಲ್ಲ. ನಮ್ಮ ಅಯ್ಯನವರಿಗೆ ತೋರಿಸಿದೆ. ಗ್ರಹ ವಕ್ರ ಇದ್ದದ್ದು ಖರೇ ಅಂದರು. ಯಂತ್ರಕ್ಕ ಪೆಟ್ಟು ಬಿದ್ದಿದ್ರ ಅದನ್ನ ಮನ್ಯಾಗ ಇಟ್ಕೋಬ್ಯಾಡ್ರಿ, ಹರಿಯೋ ನೀರಾಗ ಬಿಟ್ಟು ಹಿಂದ ತಿರುಗಿ ನೋಡದ ಬರ್ರಿ. ವಿಭೂತಿ ದಿನಾ ಹಚ್ಕೋರಿ. ಲಿಂಬಿಹಣ್ಣು ಬಾಗಲಿಗೆ ಕಟ್ರಿ. ಪರಿಹಾರ ಆಗತೈತಿ."

ನೀಲಮ್ಮ, "ನನ್ನ ಮಷಿನ್ನ ಹಳ್ಳದಾಗ ಬಿಟ್ಟು ಬರಬೇಕಂತೇನ್ರಿ?" ಎಂದಳು. ಆಮೇಲೆ ನಕ್ಕ ನಗೆಗೆ ಒಳಗೆ ಮಲಗಿದ್ದ ಕೂಸು ಎದ್ದಿತು. ಮಗಳು ಶಾಂತಾ ಕೂಸನ್ನೆತ್ತಿಕೊಂಡು ಬಂದು, ಕಾಗದ ಓದಿ, ಕೂಸನ್ನು ನನ್ನ ಕೈಗೆ ಕೊಟ್ಟು ಕಂಬ ಹಿಡಿದು ನಕ್ಕಳು. ನಗದವರು ಇಬ್ಬರೇ, ನಾನು ಮತ್ತು ಕೂಸು.

ಆದರೆ ನಕ್ಕು ಮುಗಿದ ಮೇಲೆ ನೀಲಮ್ಮ ಅರ್ಧ ಹೊಲಿದ ಖಣವನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದಳು. ತೊಟ್ಟಿಲಿಗೆ ಇನ್ನು ಐದೇ ದಿನ. "ಲಿಂಗಸುಗೂರಿನ ದರ್ಜಿಗೇ ಕಳಸ್ಲೇನು?" ಎಂದು ಕೇಳಿದಳು. ಆ ದನಿಯಲ್ಲಿ ಅವಳು ನನ್ನ ಹತ್ತಿರ ಏನನ್ನೂ ಕೇಳಿದ್ದು ನೆನಪಿಲ್ಲ. ಮರುದಿನ ಭಾನುವಾರ. ಶೇರ್ವಾನಿ ಹಾಕಿಕೊಂಡು ಮಸ್ಕಿಗೆ ಹೊರಟೆ. ಬಾಗಿದ ಸೂಜಿಯೇ ನನ್ನ ಪುರಾವೆ. ಕಿಸೆಯಲ್ಲಿಟ್ಟರೆ ಬಿದ್ದೀತೆಂದು ಶೇರ್ವಾನಿಯ ಎದೆಯ ಪಟ್ಟಿಗೆ ಒಳಗಿನಿಂದ ಭದ್ರವಾಗಿ ಚುಚ್ಚಿಕೊಂಡೆ.

ಮೋಟಾರಿನಲ್ಲಿ ಕುಳಿತು ಸಮಾಧಾನ ಮಾಡಿಕೊಂಡೆ. ಮಸ್ಕಿಯಲ್ಲಿ ಒಂದು ಬಂಡೆಯಿದೆ. ಯಾವನೋ ಹಿಂದಿನ ಕಾಲದ ಚಕ್ರವರ್ತಿ ಅದರ ಮೇಲೆ ಜನರಿಗೆ ಬುದ್ಧಿಮಾತು ಕೊರೆಯಿಸಿದ್ದಾನೆ. ಎಷ್ಟೋ ಶತಮಾನ ಅದು ಯಾರಿಗೂ ತಿಳಿಯದೆ ದನ ಕಾಯುವವರಿಗೆ ನೆರಳಾಗಿ ಕುಳಿತಿತ್ತಂತೆ. ಅದಕ್ಕೆ ಹೋಲಿಸಿದರೆ ನನ್ನ ಕಾಗದದ ಗತಿ ಅಷ್ಟೇನೂ ಕೆಟ್ಟದ್ದಲ್ಲ. ನಾಲ್ಕು ದಿನದಲ್ಲಿ ಉತ್ತರ ಬಂದಿದೆ, ಅದೂ ಲಿಂಬೆಹಣ್ಣಿನ ಸಮೇತ.

ಶೆಟ್ಟರು ನನ್ನನ್ನು ಕಂಡವರೇ ಗಲ್ಲಾ ಬಿಟ್ಟು ಇಳಿದು ಬಂದು ಎರಡೂ ಕೈ ಹಿಡಿದುಕೊಂಡರು. "ಮಾಸ್ತರ್, ಈಗ ಹ್ಯಾಂಗೈತ್ರಿ? ಯಂತ್ರ ನೀರಿಗೆ ಬಿಟ್ರ್ಯಾ?"

"ಅದು ತೋಳಿಗೆ ಕಟ್ಟಿಕೊಳ್ಳೋ ಯಂತ್ರ ಅಲ್ರಿ ಶೆಟ್ರ. ಹೊಲಿಗಿ ಮಷಿನ್ನು."

"ಮಷಿನ್ನ?" ಶೆಟ್ಟರು ಕೈ ಬಿಟ್ಟರು. "ಮತ್ತ ವಕ್ರ?"

"ಸೂಜಿ ಸೊಟ್ಟ ಇತ್ತು."

"ಪರಿಹಾರ?"

ಉತ್ತರ ಹೇಳಲು ಬಾಯಿ ತೆರೆದೆ. ಹೊಸದಾಗಿ ಕಲಿತ ಗ್ರಂಥದ ಕನ್ನಡವೆಲ್ಲ ಮರೆತು, ಬಾಯಿಂದ ತಾನಾಗಿ ಹೊರಬಿದ್ದದ್ದು, "ನುಕ್ಸಾನಿ ತುಂಬಿ ಕೊಡ್ರಿ" ಎಂದು.

"ಅಲ್ಲಲೇ!" ಎಂದುಬಿಟ್ಟು ಶೆಟ್ಟರು ನಾಲಿಗೆ ಕಚ್ಚಿಕೊಂಡರು. "ತಪ್ಪ ತಿಳೀಬ್ಯಾಡ್ರಿ ಮಾಸ್ತರ್, ಬಾಯಿಗೆ ಬಂತು. ನುಕ್ಸಾನಿ ಅಂತ ಒಂದು ಮಾತು ಬರೀಬಾರದೇನ್ರಿ? ಆ ಸೂಜಿ ಕಟ್ಟು ಪೂರಾ ಖರಾಬ್ ಇತ್ರಿ. ಇಲ್ಲಿ ದರ್ಜಿ ಬಂದು ನನ್ನ ಮಾರಿ ಮ್ಯಾಲ ಉಗುಳಾದು ಒಂದು ಬಾಕಿ. ಅವಂದು ತಿಳೀತು, ನಿಮ್ದು ತಿಳೀಲಿಲ್ಲ. ನಮ್ಮಾಕಿ ನಿಮ್ಮ ಹೆಸರಲೆ ಸೋಮವಾರದ ಉಪಾಸ ಹಿಡದಾಳ್ರಿ!"

ಪುರಾವೆ ತೆಗೆಯುವ ಪ್ರಸಂಗವೇ ಬರಲಿಲ್ಲ. ಶೆಟ್ಟರು ಅಂದೇ ಲಿಂಗಸುಗೂರಿಗೆ ಹೋಗಿ ಶಟಲ್ ತಂದರು. ಮಂಗಳವಾರ ಸಿಂಧನೂರಿಗೆ ತಾವೇ ಬಂದು, ನಮ್ಮ ಪಡಸಾಲೆಯಲ್ಲಿ ಕುಳಿತು ಕೂಡಿಸಿಕೊಟ್ಟರು. ಹೊಸ ಸೂಜಿಯನ್ನು ನೀಲಮ್ಮನ ಎದುರಿಗೇ ಪಾಟಿಯ ಮೇಲೆ ಉರುಳಿಸಿ ತೋರಿಸಿದರು. "ನೋಡ್ರಿ ತಾಯಿ, ವಕ್ರ ಇಲ್ಲ" ಎಂದರು. ಆಕೆ ಅವರಿಗೆ ಊಟ ಹಾಕಿ, ಗುರುವಾರದ ತೊಟ್ಟಿಲಿಗೆ ಮನೆಯವರನ್ನು ಕರೆದುಕೊಂಡು ಬರಲೇಬೇಕೆಂದು ಹೇಳಿ ಕಳಿಸಿದಳು. ಬುಧವಾರ ಸಂಜೆಗೆ ಕುಂಚಿಗೆ ಸಿದ್ಧವಾಯಿತು.

ಗುರುವಾರ ತೊಲೆ ಗಟ್ಟಿಯಾಗಿತ್ತು. ಹಗ್ಗ ಹರಿಯಲಿಲ್ಲ. ಮೋಟಾರು ಹೊತ್ತಿಗೆ ಸರಿಯಾಗಿ ಬಂತು. ಸೋದರತ್ತೆ ಹೇಳಬೇಕಾದ ಹೆಸರನ್ನೇ ಹೇಳಿದಳು. ಕೂಸು ಎಷ್ಟು ಅಳಬೇಕೋ ಅಷ್ಟೇ ಅತ್ತಿತು. ಬೀಗತಿ ಕುಂಚಿಗೆಯ ಒಳಮಗ್ಗಲು ತಿರುವಿ ಹೊಲಿಗೆ ನೋಡಿದಳು. ಆಕೆಗೆ ಕೊಂಕು ತೆಗೆಯುವಂಥದ್ದು ಸಿಗಲಿಲ್ಲ ಎಂಬುದು ನೀಲಮ್ಮನ ಮುಖದಲ್ಲಿ ಕಂಡಿತು.

"ಅಜ್ಜ ಎತ್ಕೊಳ್ಲಿ" ಎಂದು ಯಾರೋ ಅಂದರು. ನಾನು ಶೇರ್ವಾನಿಯ ಗುಂಡಿಗಳನ್ನು ಕುತ್ತಿಗೆಯ ತನಕ ಹಾಕಿಕೊಂಡು ಮುಂದೆ ಹೋಗಿ ಮೊಮ್ಮಗನನ್ನು ಎತ್ತಿ ಎದೆಗೊತ್ತಿಕೊಂಡೆ. ತಿರುಗಿ ಶಾಂತಾಳ ಕೈಗೆ ಕೊಡಲು ಹೋದಾಗ ಕುಂಚಿಗೆಯ ಸೆರಗು ನನ್ನ ಎದೆಯನ್ನು ಬಿಡಲಿಲ್ಲ. 'ಪರ್' ಎಂದಿತು.

ಕೂಸಿಗೆ ಏನೂ ಆಗಲಿಲ್ಲ, ನಕ್ಕಿತು. ನೀಲಮ್ಮ ಹತ್ತಿರ ಬಂದು ನನ್ನ ಎದೆಯ ಪಟ್ಟಿಯಿಂದ ಹೊರಗೆ ಇಣುಕುತ್ತಿದ್ದ ಕೊಕ್ಕೆಯನ್ನು ಎಳೆದು ಎಲ್ಲರಿಗೂ ಕಾಣುವಂತೆ ಹಿಡಿದಳು. ಮಸ್ಕಿಯ ಸೂಜಿ.

"ಮಾಸ್ತರ್" ಎಂದರು ಶೆಟ್ಟರು ಹಿಂದಿನಿಂದ, "ಈ ನುಕ್ಸಾನಿ ನನ್ನ ಲೆಕ್ಕಕ್ಕ ಬರಂಗಿಲ್ಲ ನೋಡ್ರಿ."

ಬೀಗತಿ ಹರಿದಲ್ಲಿ ಬೆರಳಾಡಿಸಿದಳು. ಹರಿವು ಹೊಲಿಗೆಯ ತನಕ ಬಂದು ಅಲ್ಲೇ ನಿಂತಿತ್ತು. "ಅರಿವಿ ಹರದೈತಿ, ಹೊಲಿಗಿ ಬಿಟ್ಟಿಲ್ಲ ನೋಡ್ರಿ ಅಕ್ಕಾರ" ಎಂದಳು. "ನಮ್ಮ ದರ್ಜಿಗೆ ಹಿಂಗ ಬರಂಗಿಲ್ಲ."

ಆ ಮಾತಿಗೆ ನೀಲಮ್ಮನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧಕ್ಕೆ ಒಳಗೆ ಹೋಗಿ ಶೆಟ್ಟರು ಕಳಿಸಿದ್ದ ಪೊಟ್ಟಣ ತಂದು, ಕೂಡಿದ ಮಂದಿಯ ಎದುರಿಗೆ ನನ್ನ ಹಣೆಗೆ ಕಿವಿಯಿಂದ ಕಿವಿಗೆ ವಿಭೂತಿ ಬಳಿದಳು. ನಾನು ಕಣ್ಣುಮುಚ್ಚಿ ನಿಂತೆ. ಹದಿನೈದು ದಿನ ಕುಳಿತು ಮಾಡಿದ ಪಟ್ಟಿಯಲ್ಲಿ ತೊಲೆ, ಹಗ್ಗ, ಮೋಟಾರು, ಬೀಗತಿ, ಎಲ್ಲರೂ ಇದ್ದರು. ನನ್ನ ಹೆಸರು ಹಾಕಿಕೊಳ್ಳುವುದನ್ನು ಮರೆತಿದ್ದೆ. ಅಂದು ಕೆಟ್ಟದ್ದು ನನ್ನಿಂದಾದ ಆ ಹರಿವು ಒಂದೇ, ಹೆಚ್ಚೆಂದರೆ ಒಂದು ಬೆರಳಿನಷ್ಟು.