ಶಿವಗಂಗವ್ವನ ನಾಲ್ಕು ಲಕ್ಷ ಸವತಿಯರು

"ಹಳೇದನ್ನ ಹುಡಕಾಕ ಹಳೇದ ಬೇಕವ್ವಾ!" ಎಂದು ಮಹಾರುದ್ರಪ್ಪ ಎದೆಯುಬ್ಬಿಸಿದ.

ಬೆಟಗೇರಿಯ ಅವನ ಮನೆಯ ಪಡಸಾಲೆಯಲ್ಲಿ, ಮುಚ್ಚಿಹೋದ ಸೈಬರ್ ಕೆಫೆಯೊಂದರಿಂದ ಹೊತ್ತು ತಂದ ಡೊಳ್ಳುಹೊಟ್ಟೆಯ ಕಂಪ್ಯೂಟರು ಹಿಟ್ಟಿನ ಗಿರಣಿಯಂತೆ ಗುರ್ರೆನ್ನುತ್ತಿತ್ತು. ಅದಕ್ಕೊಂದು ಮೈಕು, ಮದುವೆ ಮನೆಯ ಹಾರ್ನು, ಟ್ರ್ಯಾಕ್ಟರಿನ ಬ್ಯಾಟರಿ. ನಡುವೆ ಮಹಾರುದ್ರಪ್ಪನೇ ಕಟ್ಟಿದ ತಗಡಿನ ಡಬ್ಬಿ. ಅದರ ಹೆಸರು ಕುಟುಂಬ ಸಂಕೋಚಕ!

"ಊರೂರಿನ ಅಜ್ಜಿಗೋಳು ತಮ್ಮ ಮನಿತನದ ಸುದ್ದಿ ಬಾಯಿಲೆ ಹೇಳಿಟ್ಟ ವೆಬ್‌ಸೈಟ್ ಐತಿ. ಅಷ್ಟೂ ಹಿಡಸಾಕ ಈ ಕಂಪ್ಯೂಟರಿಗೆ ಜಾಗಾ ಸಾಲಂಗಿಲ್ಲ. ಅದಕ್ಕ ನನ್ನ ಡಬ್ಬಿ ಒಂದ ಹೆಸರಿನ ಮಂದೀನೆಲ್ಲಾ ಹಿಂಡಿ ಒಬ್ಬನ್ನ ಮಾಡತೈತಿ!"

"ಹೋದ ವರ್ಷದ ರೊಟ್ಟಿ ಬಡಿಯೋ ಯಂತ್ರನೂ ಹಿಂಗ ಹೇಳಿದ್ರಿ. ರೊಟ್ಟಿ ಇನ್ನೂ ಮಗ್ಗಲಮನಿ ಮಾಳಿಗಿ ಮ್ಯಾಲ ಅದಾವ," ಎಂದಳು ಹೆಂಡತಿ ದಾಕ್ಷಾಯಣಿ.

ಮಹಾರುದ್ರಪ್ಪನ ತಾಯಿ ಶಿವಗಂಗವ್ವನಿಗೂ ಮಗನ ಯಂತ್ರಗಳೆಂದರೆ ಅಷ್ಟಕ್ಕಷ್ಟೇ. ಆದರೂ ಈ ಸಲ ಮುದುಕಿ ಹೊಸ ಸೀರೆ ಉಟ್ಟು ಕೂತಿದ್ದಳು. ಅಕ್ಕ ಹಾಲವ್ವ ಮದುವೆಯಾಗಿ ದೂರದೂರಿಗೆ ಹೋದಾಗ ಇವಳಿನ್ನೂ ಲಂಗ ಉಡುವ ಹುಡುಗಿ. ಮದುವೆಯಲ್ಲಿ ಗಂಡನ ಮನೆಯವರು ಅಕ್ಕಿಯಲ್ಲಿ ಹೊಸ ಹೆಸರು ಬರೆದು ಹಾಲವ್ವನನ್ನು ಬೇರೇನೋ ಮಾಡಿದರು. ಚಿನ್ನವ್ವನಾಗಿದ್ದ ಇವಳೂ ಮುಂದೆ ಶಿವಗಂಗವ್ವನಾದಳು. ಅವ್ವ ತೀರಿಕೊಂಡು ತವರಿನ ಬಾಗಿಲು ಮುಚ್ಚಿದ ಮೇಲೆ ಯಾರನ್ನು ಯಾವ ಹೆಸರಿನಿಂದ ಹುಡುಕುವುದು? ಸಾಯುವುದರೊಳಗೆ ಅಕ್ಕನ ಮುಖ ಒಮ್ಮೆ ನೋಡಬೇಕು ಎಂಬುದೊಂದೇ ಅವಳ ಆಸೆ.

ಹಾರ್ನು ಗೊರಗೊರ ಎಂದಿತು. "ನಿಮ್ಮ ಹೆಸರು?"

"ಶಿವಗಂಗವ್ವ."

"ಗಂಡನ ಹೆಸರು?"

ಶಿವಗಂಗವ್ವ ಸೆರಗು ಎಳೆದುಕೊಂಡಳು. "ಅವರು."

"ಅಪ್ಪನ ಹೆಸರು ಹೇಳಬೇ ಅವ್ವಾ!" ಎಂದ ಮಗ.

"ಅವರು ಇದ್ದಾಗ ಹೇಳಲಿಲ್ಲ, ಈಗ ಈ ಡಬ್ಬಿ ಮುಂದ ಹೇಳ್ಲೇನು?"

ಮಹಾರುದ್ರಪ್ಪ ತಾನೇ ಮೈಕಿಗೆ ಬಾಯಿ ಹಚ್ಚಿದ. "ಮಲಕಾಜಪ್ಪ!"

"ಹೆಂಡತಿ ಮಾತ್ರ ಉತ್ತರಿಸತಕ್ಕದ್ದು. ನೀವು ಹೆಂಡತಿಯೇ?"

ದಾಕ್ಷಾಯಣಿ ಕಿಸಕ್ಕನೆ ನಕ್ಕಳು. "ಒಡಪಿನಾಗರ ಹೇಳ್ರಿ ಅತ್ತಿ."

ಮದುವೆ, ಸೀಮಂತಗಳಲ್ಲಿ ಎಲ್ಲ ಹೆಂಗಸರೂ ಗಂಡನ ಹೆಸರನ್ನು ಒಡಪು ಎಂಬ ಪ್ರಾಸದ ಪದದಲ್ಲಿ ಸೇರಿಸಿ ಹೇಳುತ್ತಾರೆ. ಶಿವಗಂಗವ್ವನ ತಾಯಿ ಮಾತ್ರ ಭಾರೀ ಘಾಟಿ! ಒಡಪಿನಲ್ಲೂ ಹೆಸರು ಹೇಳದೆ ಜಾರಿಕೊಳ್ಳುವ ಒಡಪೊಂದನ್ನು ತಾನೇ ಕಟ್ಟಿ ಇಬ್ಬರು ಹೆಣ್ಣುಮಕ್ಕಳಿಗೂ ಕಲಿಸಿದ್ದಳು. ಅದನ್ನೇ ಶಿವಗಂಗವ್ವ ಮೈಕಿಗೆ ಒಪ್ಪಿಸಿದಳು.

"ಸೆರಗಿನ ಗಂಟಿನ್ಯಾಗ ಕಟ್ಟೀನಿ ಕಡ್ಲಿ,
ಅವರ ಹೆಸರ ಬಾಯಾಗ ಹೆಂಗ ಇಡ್ಲಿ?"

"ದಾಖಲಾಯಿತು. ಗಂಡ, ಶ್ರೀ ಅವರು," ಎಂದಿತು ಹಾರ್ನು. ತಗಡಿನ ಡಬ್ಬಿ ಗಡಗಡ ನಡುಗಿತು. "ಹುಡುಕಾಟ ಮುಗಿಯಿತು. ಶ್ರೀ ಅವರು ಇವರಿಗೆ ಒಟ್ಟು ಹೆಂಡತಿಯರು ನಾಲ್ಕು ಲಕ್ಷ."

ಶಿವಗಂಗವ್ವ ಗೋಡೆಯ ಮೇಲಿದ್ದ ಮಲಕಾಜಪ್ಪನ ಫೋಟೋ ಕಡೆಗೆ ಮೆಲ್ಲಗೆ ತಿರುಗಿದಳು.

"ಸಂಜೀಕ ಎಲಿ ಅಡಿಕಿ ತರತೀನಂತ ಹೋಗಿ ತಡಾ ಮಾಡಿ ಬರತಿದ್ರು. ಆದ್ರೂ ನಾಕು ಲಕ್ಷ ಮನಿ ಹೆಂಗ ಸುತ್ತಿದ್ರೋ ಯಪ್ಪಾ!"

"ಏ, ಎಲ್ಲಾ ಅಜ್ಜಿಗೋಳೂ ಗಂಡಗ 'ಅವರು' ಅಂದಾರ! ನನ್ನ ಡಬ್ಬಿ ಅಷ್ಟೂ ಗಂಡಸರನ್ನ ಹಿಂಡಿ ಒಬ್ಬನ್ನ ಮಾಡೇತಿ!" ಮಹಾರುದ್ರಪ್ಪ ಹಣೆ ಚಚ್ಚಿಕೊಂಡ.

ಯಂತ್ರ ಅಷ್ಟಕ್ಕೇ ಬಿಡಬೇಕಲ್ಲ! "ಕುಟುಂಬ ಕೂಡಿಸುವ ಕೆಲಸ ಆರಂಭ. ಎಲ್ಲ ಪತ್ನಿಯರಿಗೂ ಫೋನ್ ಹೋಗುತ್ತಿದೆ," ಎಂದು ಶಿವಗಂಗವ್ವನ ಒಡಪನ್ನು ಊರೂರಿಗೆ ಕೇಳಿಸತೊಡಗಿತು.

ಮೊದಲು ಬಂದವಳು ಮಗ್ಗಲಮನೆಯ ಕಲ್ಲವ್ವ, ಕೈಯಲ್ಲಿ ಫೋನು. "ಶಿವಗಂಗವ್ವಾ, ನಾ ನಿನ್ನ ಸವತಿ ಅಂತಲ್ಲ! ನನಗ ಗೊತ್ತ ಇರಲಿಲ್ಲ ನೋಡವಾ!"

ಹಾರ್ನಿನಿಂದ ಸವತಿಯರ ದನಿ ದಬದಬ ಸುರಿಯಿತು.

"ನಮ್ಮವರು ಇಲ್ಲೇ ಕಟ್ಟಿ ಮ್ಯಾಲ ಕುಂತಾರ, ಅಲ್ಲಿಗ್ಯಾವಾಗ ಬಂದ್ರು?"

"ಹೊಲದಾಗ ನನಗೂ ಪಾಲ ಐತೇನ್ರಿ?"

"ಅವರನ್ನ ನೀವ ಇಟ್ಕೊಳ್ರಿ, ನನಗ ಸಾಕಾಗೇತಿ!"

ತಗಡಿನ ಡಬ್ಬಿಯಿಂದ ಹೊಗೆ ಎದ್ದಿತು. ದಾಕ್ಷಾಯಣಿ ಬ್ಯಾಟರಿಯ ವೈರಿಗೆ ಕೈ ಹಾಕಿದಳು. ಆಗ ಗದ್ದಲದ ನಡುವೆ ನಡುಗುವ ದನಿಯೊಂದು ಕೇಳಿತು.

"ಆ ಒಡಪ ಹೇಳಿದಾಕಿ ಯಾರಬೇ? ಅದು ನಮ್ಮವ್ವ ಕಟ್ಟಿದ್ದು!"

"ವೈರ್ ಮುಟ್ಟಬ್ಯಾಡ!" ಶಿವಗಂಗವ್ವ ಚೀರಿದ ರಭಸಕ್ಕೆ ಸೊಸೆ ಹಿಂದೆ ಸರಿದಳು. "ಅಕ್ಕಾ! ಹಾಲವ್ವಕ್ಕಾ!"

"ಚಿನ್ನೂ? ಇನ್ನೂ ಅದೀ ಏನ ನನ್ನವ್ವಾ?"

ಶಿವಗಂಗವ್ವನ ಕಣ್ಣೀರು ಧಾರೆಯಾಯಿತು. ಡಬ್ಬಿಯೊಳಗೆ ಚಟಚಟ ಕಿಡಿ ಹಾರಿದವು. "ಊರು ಕೇಳಬೇ, ಲಗೂನ!" ಎಂದು ಮಗ ಕುಣಿದಾಡಿದ.

"ಯಾವೂರಕ್ಕಾ?"

"ಅಕ್ಕಲಕೋಟಿ!"

"ಅಲ್ಲಿ ಯಾರ ಮನಿ ಅಂತ ಕೇಳಲಿ? ಮಾಮಾನ ಹೆಸರ ಹೇಳ!"

"ಹುಚ್ಚಿ! ಅವರ ಹೆಸರ ನಾ ಹೆಂಗ ಹೇಳ್ಲಿ?"

"ಹೇಳಕ್ಕಾ, ಡಬ್ಬಿ ಸುಡಾಕತ್ತೇತಿ!"

"ಸುಟ್ರ ಸುಡಲಿ, ನಾ ಹೇಳಾಂಗಿಲ್ಲ!"

ಈಗ ಕೈಬಿಟ್ಟರೆ ಅಕ್ಕ ಮತ್ತೆ ಸಿಗುವುದಿಲ್ಲ. ಶಿವಗಂಗವ್ವ ಫೋಟೋ ಕಡೆ ನೋಡಿ, "ತಪ್ಪ ತಿಳಕೋಬ್ಯಾಡ್ರಿ," ಎಂದಳು. ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಉಸಿರಿಗೆ ಒದರಿದಳು. "ಹಂಗಾರ ನೀನ ಬಾ! ಬೆಟಗೇರಿ! ಮಲಕಾಜಪ್ಪನ ಮನಿ ಅಂತ ಕೇಳು! ಮಲಕಾಜಪ್ಪ!"

"ತಿದ್ದುಪಡಿ. ಗಂಡ, ಮಲಕಾಜಪ್ಪ. ಹೆಂಡತಿ, ಒಬ್ಬರೇ," ಎಂದಿತು ಹಾರ್ನು. ಆಮೇಲೆ ಢಂ ಎಂದಿತು. ಪಡಸಾಲೆಯ ತುಂಬ ಮಸಿ. ಮಹಾರುದ್ರಪ್ಪನ ಮೀಸೆ ಅರ್ಧ ಸುಟ್ಟಿತ್ತು.

ಮರುದಿನದಿಂದ ಶಿವಗಂಗವ್ವ ಹೊಸ್ತಿಲು ಬಿಟ್ಟು ಏಳಲಿಲ್ಲ. ಅಕ್ಕನಿಗೆ ಆ ಮಾತು ಕೇಳಿತ್ತೋ ಇಲ್ಲವೋ ಯಾರಿಗೆ ಗೊತ್ತು? ರೊಟ್ಟಿ ತಂದಿಟ್ಟರೂ ಕಣ್ಣು ಓಣಿಯ ತುದಿಗೇ.

ಕಡೆಗೊಂದು ಮಧ್ಯಾಹ್ನ ಓಣಿಯಲ್ಲಿ ಕಾರು ನಿಂತಿತು. ಮೊಮ್ಮಗನ ಭುಜ ಹಿಡಿದು ಕೆಳಗಿಳಿದ ಹಣ್ಣುಹಣ್ಣು ಮುದುಕಿ ನೆಟ್ಟಗೆ ಹೊಸ್ತಿಲಿಗೆ ಬಂದು ತಂಗಿಯ ಗದ್ದ ಹಿಡಿದಳು. ಇಬ್ಬರೂ ಮನಸಾರೆ ಅತ್ತರು. ಆಮೇಲೆ ಹಾಲವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಗುಡುಗಿದಳು.

"ನಾಕು ಲಕ್ಷ ಮಂದಿ ಮುಂದ ಗಂಡನ ಹೆಸರ ಹಿಂಗ ಒದರೂದೇನ? ಅವ್ವ ಇದ್ದಿದ್ರ ಕಪಾಳಕ್ಕ ಬಿಗೀತಿದ್ಲು!"