ಕೋಳಿಗೆ ಕುಡಿಸಿದ ಮೀನೆಣ್ಣೆ

ಮೀನೆಣ್ಣೆ ಕುಡಿದದ್ದು ಕೋಳಿ, ವಾಂತಿ ಮಾಡಿದ್ದು ನನ್ನ ಸೊಸೆ. ನಡೆದದ್ದು ಇಷ್ಟೇ. ಅಶೋಕಪುರಂನ ನಮ್ಮ ಬೀದಿಯವರು ಇದಕ್ಕೆ ರೆಕ್ಕೆಪುಕ್ಕ ಕಟ್ಟಿ ಬೇರೆ ಏನಾದರೂ ಹೇಳಿದರೆ ನಂಬಬೇಡಿ.

ಸೊಸೆ ಸುಜಾತಳಿಗೆ ಇದು ಎರಡನೆಯ ಬಸಿರು. ಅನ್ನ ಕಂಡರೆ ಓಕರಿಕೆ, ಹಾಲು ಕಂಡರೆ ಓಕರಿಕೆ. ಹೊಟ್ಟೆಯಲ್ಲಿ ನಿಲ್ಲುತ್ತಿದ್ದುದು ನಾನು ತಾರಸಿಯ ಮೇಲೆ ಸಾಕಿದ ಕೋಳಿಗಳ ಮೊಟ್ಟೆಯೊಂದೇ. ಮಗುವಿನ ಮಿದುಳಿಗೆ ಮೀನು ಒಳ್ಳೆಯದು ಎಂದರು ಡಾಕ್ಟರಮ್ಮ. ಮೀನಿನ ಹೆಸರೆತ್ತಿದರೇ ಇವಳು ಬಚ್ಚಲಿಗೆ ಓಡುತ್ತಾಳೆ ಎಂದೆ. "ಹಾಗಾದ್ರೆ ಕೋಳಿ ತೌಡಿಗೆ ಒಂಚೂರು ಅಗಸೆ ಎಣ್ಣೆ ಕಲಸಿ ಹಾಕಿ ಅಜ್ಜಿ. ಮೀನಲ್ಲಿರೋ ಅಂಥ ಒಳ್ಳೇ ಕೊಬ್ಬು ಮೊಟ್ಟೆಗೂ ಬರುತ್ತೆ" ಎಂದರು.

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಯೋಚನೆ ಮಾಡಬಲ್ಲೆ. ಬೇಕಾಗಿರುವುದು ಮೀನಿನ ಕೊಬ್ಬು; ಅದಕ್ಕೆ ಅಗಸೆಯ ಮನೆ ಸುತ್ತಿ ಯಾಕೆ ಹೋಗಬೇಕು? ಮೆಡಿಕಲ್ ಸ್ಟೋರಿನಿಂದ ಮೀನೆಣ್ಣೆ ತಂದು ದಿನವೂ ತೌಡಿಗೆ ಸುರಿದೆ. ಒಗ್ಗರಣೆ ಹಾಕಿ ಪಳಗಿದ ಕೈ, ಧಾರಾಳವಾಗಿಯೇ ಬಿತ್ತು. ಕೋಳಿಗಳು ಬಟ್ಟಲೊಡೆಯುವ ಹಾಗೆ ಕುಕ್ಕಿ ತಿಂದವು.

ಕೆಲವು ವಾರ ಕಳೆದಿರಬಹುದು. ಒಂದು ಸಂಜೆ ಸುಜಾತ ಬೇಯಿಸಿದ ಮೊಟ್ಟೆ ಕಚ್ಚಿದವಳೇ ಬಚ್ಚಲಿಗೆ ಓಡಿದಳು. ವಾಪಸು ಬಂದು ಗೋಡೆಗೊರಗಿ, "ಅತ್ತೆ, ನೀವು ಸಾಕಿರೋದು ಕೋಳೀನೋ, ಮೀನೋ?" ಎಂದಳು. ನಾನೂ ಒಂದು ತುಂಡು ಬಾಯಿಗಿಟ್ಟೆ. ಸಿಪ್ಪೆ ಮೊಟ್ಟೆಯದು, ಒಳಗೆ ಅಪ್ಪಟ ಬೂತಾಯಿ ಮೀನು. ನಡೆದದ್ದು ಹೇಳಿದೆ.

"ಸೇರ್ತಿದ್ದಿದ್ದೇ ಅದೊಂದು. ಅದನ್ನೂ ಕೆಡಿಸ್ಬುಟ್ರಲ್ಲ! ಇನ್ನೇನು ತಿನ್ಲಿ?" ಅವಳ ಕಣ್ಣಲ್ಲಿ ನೀರಿತ್ತು.

ತಪ್ಪು ನನ್ನದೇ. ಆದರೆ ಕೋಳಿಯ ಮೇಲೆ ಗೌರವ ಬಂದದ್ದು ನಿಜ. ಏನು ನಿಯತ್ತು ಅದಕ್ಕೆ! ಕೊಟ್ಟ ಎಣ್ಣೆಯನ್ನು ವಾಸನೆಸಮೇತ ಮೊಟ್ಟೆಗೆ ತಲುಪಿಸಿದೆ. ನಾನು ಜೀವಮಾನವಿಡೀ ತುಪ್ಪ ತಿಂದಿದ್ದೇನೆ. ಬಾಯಿಂದ ಬಂದದ್ದೆಲ್ಲ ಬೈಗುಳ.

ಮರುದಿನ ಬೆಳಿಗ್ಗೆ ಮೀನೆಣ್ಣೆಯ ಸೀಸೆ ಬಿಸಾಡಿ, ಗಾಣದಿಂದ ಅಗಸೆ ಎಣ್ಣೆ ತಂದು ಚಮಚದಲ್ಲಿ ಅಳೆದು ತೌಡಿಗೆ ಕಲಸಿದೆ. ಅದರ ಗುಣ ಮೊಟ್ಟೆಗಿಳಿಯುವವರೆಗೆ ಬಸುರಿ ಉಪವಾಸವಿರುವಳೇ? ಮೂಲೆಯಂಗಡಿಗೆ ಹೋಗಿ ಎರಡು ಮೊಟ್ಟೆ ಕೇಳಿದೆ.

"ಏನಜ್ಜಿ, ನಿಮ್ ಕೋಳಿಗಳು ರಜಾ ಹಾಕವಾ?" ಎಂದ ಅಂಗಡಿಯವನು.

"ಬಾಯ್ಮುಚ್ಕೊಂಡು ಕೊಡೋ" ಎಂದೆ.

ಬೇಯಿಸಿ, ಮೂಸಿ ನೋಡಿ, ಸೊಸೆಯ ಮುಂದಿಟ್ಟು, ಬಚ್ಚಲಿನ ಬಾಗಿಲು ತೆರೆದು ಹಿಡಿದು ನಿಂತೆ. ಅವಳು ಎರಡನ್ನೂ ಮುಗಿಸಿ ತಟ್ಟೆ ಮುಂದೆ ಚಾಚಿದಳು. "ಇನ್ನೊಂದು ಇದ್ಯಾ ಅತ್ತೆ?"

ಬಾಗಿಲು ಹಾಕಿ, ಮತ್ತೆ ಅದೇ ಅಂಗಡಿಗೆ ಹೊರಟೆ.