ಆ ನಿರ್ದೇಶಕರೂ ನಮ್ಮ ಮೂರು ಟಾಕೀಸುಗಳೂ

ಸಿನಿಮಾದಲ್ಲಿ ಏನಿದೆ ಎಂಬುದು ತೆಗೆದವರಿಗೆ ಗೊತ್ತು. ಜನ ಅದರಲ್ಲಿ ಏನು ನೋಡಿದರು ಎಂಬುದು ಗೊತ್ತಾಗುವುದು ಟಾಕೀಸಿನಲ್ಲಿ ರೀಲು ಓಡಿಸುವ ಮೆಷಿನ್ ಆಪರೇಟರಿಗೆ ಮಾತ್ರ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ನಾನು ಆ ಕೆಲಸದಲ್ಲಿದ್ದೆ. ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ ಮೂರೂ ಕಡೆ ಒಬ್ಬರೇ ಧಣಿಗಳ ತಗಡಿನ ಟಾಕೀಸುಗಳು. ಮೂರನ್ನೂ ಸಾಕುತ್ತಿದ್ದದ್ದು ಒಬ್ಬರೇ ನಿರ್ದೇಶಕರ ಸಿನಿಮಾಗಳು. ಅವರದ್ದು ಬಂದರೆ ನಮಗೆ ಊಟ, ಬಾರದಿದ್ದರೆ ಗಂಜಿ. ಅವರ ಸಿನಿಮಾ ಬಂದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತಿತ್ತು.

ಒಂದು

ಬಂಟ್ವಾಳದಲ್ಲಿ ಅವರ ಮೊದಲನೆಯ ಸಿನಿಮಾ ಹಾಕಿದ್ದೆವು. ಸೊಸೆಯೊಬ್ಬಳು ಹದಿನೈದು ರೀಲು ಅತ್ತು ಹದಿನಾರನೆಯದರಲ್ಲಿ ಸಾಯುತ್ತಾಳೆ. ಮೂರು ಭಾನುವಾರವೂ ಒಬ್ಬರು ಹೆಂಗಸು ಬಂದು ಮುಂದಿನ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಅತ್ತರು. ಸೊಸೆ ಹಾಸಿಗೆ ಹಿಡಿದ ಕೂಡಲೇ ಎದ್ದು ಹೋದರು. ಮೂರನೆಯ ಸಲ ಬಾಗಿಲಲ್ಲಿ ತಡೆದು ಕೇಳಿದೆ.

"ಅಮ್ಮಾ, ಕೊನೆಯ ರೀಲೇ ಚಂದ ಉಂಟು. ಅದನ್ನೇ ಬಿಟ್ಟು ಹೋಗ್ತೀರಲ್ಲ?"

"ಸಾವು ನೋಡಿದ ಮೇಲೆ ಮೀಯದೆ ಮನೆಯೊಳಗೆ ಹೋಗಲಿಕ್ಕೆ ಉಂಟಾ? ಈ ಮಳೆಗೆ ತಣ್ಣೀರು ಮಿಂದರೆ ನನಗೆ ದಮ್ಮು ಬರ್ತದೆ."

"ಅವಳು ನಿಜವಾಗಿ ಸಾಯುವುದಿಲ್ಲಮ್ಮ. ಮದ್ರಾಸಿನಲ್ಲಿ ಚೆನ್ನಾಗಿದ್ದಾಳೆ."

"ಅದು ನಿಮಗೆ ಗೊತ್ತು. ನನ್ನ ಅತ್ತೆಗೆ ಗೊತ್ತಾಗಬೇಕಲ್ಲ?"

ಮುಂದಿನ ಭಾನುವಾರ ಅವರೇ ನಗುತ್ತ ಬಂದರು. "ಇವತ್ತು ಹಂಡೆಗೆ ಬೆಂಕಿ ಹಾಕಿಯೇ ಬಂದಿದ್ದೇನೆ. ಅವಳು ಸಾಯಲಿ."

ಎರಡು

ಮೂಡುಬಿದಿರೆಯವರನ್ನು ಅಳಿಸುವುದು ಅಷ್ಟು ಸುಲಭವಲ್ಲ. ವೇಷವಿಲ್ಲದೆ ಕೂತು ಪಾತ್ರಗಳಾಗಿ ವಾದಿಸುವ ತಾಳಮದ್ದಳೆ ಕೇಳಿ ಬೆಳೆದವರು ಅವರು. ಮಾತಿಗೆ ಮಾತು ಸರಿಯಾಗಿ ಕೂರದಿದ್ದರೆ ಒಪ್ಪುವುದಿಲ್ಲ.

ನಿರ್ದೇಶಕರ ಎರಡನೆಯ ಸಿನಿಮಾದ ಕೊನೆಯಲ್ಲಿ ನಾಯಕ ದುಷ್ಟ ಜಮೀನ್ದಾರನ ಕೊರಳಪಟ್ಟಿ ಹಿಡಿದು, "ನಿನಗೆ ನ್ಯಾಯ ಎಂದರೆ ಏನೆಂದು ಗೊತ್ತಾ?" ಎಂದು ಕೇಳಿ ಕೈಯೆತ್ತುತ್ತಾನೆ. ಸರಿಯಾಗಿ ಆಗಲೇ ಕರೆಂಟು ಹೋಯಿತು. ಕತ್ತಲಲ್ಲಿ ಒಬ್ಬರು ಎದ್ದು ನಿಂತರು. ಹಗಲು ಶಾಲೆಯಲ್ಲಿ ಮಾಸ್ಟ್ರು, ತಾಳಮದ್ದಳೆಯಲ್ಲಿ ದುರ್ಯೋಧನ.

"ಈ ಜಮೀನ್ದಾರ ಸುಮ್ಮನೆ ಪೆಟ್ಟು ತಿನ್ನುವವ ಅಲ್ಲ. ಅವನಿಗೆ ಉತ್ತರ ಉಂಟು, ನಿರ್ದೇಶಕರು ಬರೆಯಲಿಲ್ಲ ಅಷ್ಟೆ. ನಾನು ಹೇಳ್ತೇನೆ," ಎಂದು ಶುರು ಮಾಡಿದರು.

ಕರೆಂಟು ಇಪ್ಪತ್ತು ನಿಮಿಷ ಬರಲಿಲ್ಲ, ಮಾಸ್ಟ್ರೂ ನಿಲ್ಲಿಸಲಿಲ್ಲ. ಜಮೀನ್ದಾರನ ಅಜ್ಜ ಕಾಡು ಕಡಿದು ಗದ್ದೆ ಮಾಡಿದ್ದು, ಬರಗಾಲದಲ್ಲಿ ಊರಿಗೆ ಅಕ್ಕಿ ಕೊಟ್ಟದ್ದು ಎಲ್ಲ ಬಂತು. ಅದೊಂದೂ ಸಿನಿಮಾದಲ್ಲಿ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ನನಗೂ ಆ ಜಮೀನ್ದಾರನ ಮೇಲೆ ಪ್ರೀತಿ ಹುಟ್ಟಿತು.

ಕರೆಂಟು ಬಂತು. ನಾಯಕ ಎತ್ತಿದ ಕೈಯಿಂದ ಫಟ್ ಎಂದು ಬಾರಿಸಿದ. ಇಡೀ ಟಾಕೀಸು ಅವನ ಮೇಲೆ ತಿರುಗಿ ಬಿತ್ತು: "ಹೊಡೆಯುವುದು ಆಮೇಲೆ ಮಾರಾಯ, ಮೊದಲು ಅದಕ್ಕೆ ಉತ್ತರ ಕೊಡು."

ಮೂರು

ಎಂಬತ್ತರ ದಶಕ ಬಂದಾಗ ನಿರ್ದೇಶಕರಿಗೆ ದೊಡ್ಡ ಪ್ರಶಸ್ತಿಯ ಆಸೆ ಹುಟ್ಟಿತು. ಸಿನಿಮಾದಲ್ಲಿ ಮಾತು ಕಡಿಮೆಯಾಗಿ ಮೌನ ಹೆಚ್ಚಾಯಿತು. ಬಂಟ್ವಾಳದಲ್ಲಿ ಅಂಥದ್ದೊಂದು ಹಾಕಿದಾಗ ಇದ್ದವರು ಹನ್ನೊಂದು ಜನ. ಮಧ್ಯದಲ್ಲಿ ಒಬ್ಬರು ಮೇಲೆ ನನ್ನ ಮೆಷಿನ್ ರೂಮಿಗೆ ಹತ್ತಿ ಬಂದರು. ಬೈಯಲಿಕ್ಕೆ ಬಂದರೆಂದು ನಾನು ಕೈಮುಗಿದೆ.

"ಸಿನಿಮಾಕ್ಕೆ ಏನೂ ತೊಂದರೆ ಇಲ್ಲ," ಎಂದರು ಅವರು. "ಆದರೆ ಅದರಲ್ಲಿ ಆಗಾಗ ದಡಾರನೆ ಬಾಗಿಲು ಹಾಕಿಕೊಳ್ತಾರಲ್ಲ, ಆಗ ಮಾತ್ರ ಸೌಂಡ್ ಕಡಿಮೆ ಮಾಡಿ. ಹತ್ತು ಜನಕ್ಕೂ ಎಚ್ಚರ ಆಗ್ತದೆ."

ನಾಲ್ಕು

ಧಣಿಗಳಿಗೆ ಸಾಕಾಯಿತು. "ಇವರ ಇನ್ನೊಂದು ಸಿನಿಮಾ ಹೀಗೆ ಮಲಗಿದರೆ ಬೆಳ್ತಂಗಡಿಯ ಟಾಕೀಸಿನಲ್ಲಿ ಅಕ್ಕಿ ಗಿರಣಿ ಹಾಕ್ತೇನೆ. ನೀನು ಭತ್ತ ಒಣಗಿಸಲಿಕ್ಕೆ ಬಾ," ಎಂದರು. ನನಗೆ ಈ ಮೆಷಿನ್ ಬಿಟ್ಟರೆ ಬೇರೆ ವಿದ್ಯೆ ಬಾರದು.

ಆ ಇನ್ನೊಂದು ಬೆಳ್ತಂಗಡಿಗೇ ಬಂತು. ಹದಿನೆಂಟು ರೀಲು. ಬೇರೆ ಕಡೆಯೆಲ್ಲ ಬಿದ್ದು ಬಂದದ್ದು. ಮೂರು ಗಂಟೆಗೆ ಶುರುವಾದ ಆಟ ಮುಗಿಯುವಾಗ ಆರೂಕಾಲು ದಾಟುತ್ತಿತ್ತು. ಮುಂಡಾಜೆ, ಕಕ್ಕಿಂಜೆ ಕಡೆಗೆ ಕೊನೆಯ ಬಸ್ಸು ಆರಕ್ಕೆ. ಮೊದಲ ದಿನ ಕಂಡಕ್ಟರ್ ಹೊರಗೆ ನಿಂತು ಸೀಟಿ ಊದಿದ್ದೇ ತಡ, ಅರ್ಧ ಟಾಕೀಸು ಎದ್ದು ಹೋಯಿತು. ಕತೆಯ ಕೊನೆ ಅವರಿಗೆ ಯಾರಿಗೂ ಸಿಗಲಿಲ್ಲ.

ಬಸ್ಸು ಕಾಯುವುದಿಲ್ಲ, ಆಟ ಬೇಗ ಶುರು ಮಾಡಿದರೆ ಜನ ಉಂಡು ಬಂದು ಮುಟ್ಟುವುದಿಲ್ಲ. ಹನ್ನೊಂದು, ಹನ್ನೆರಡು, ಹದಿಮೂರನೆಯ ರೀಲುಗಳಲ್ಲಿ ನಾಯಕ ವಿದೇಶದ ಹಿಮದಲ್ಲಿ ಒಬ್ಬನೇ ನಡೆಯುತ್ತ ಚಿಂತೆ ಮಾಡುತ್ತಾನೆ. ಮರುದಿನ ಮೂರನ್ನೂ ಪೆಟ್ಟಿಗೆಯಲ್ಲೇ ಬಿಟ್ಟೆ. ಐದು ಐವತ್ತೈದಕ್ಕೆ ಸಿನಿಮಾ ಮುಗಿಯಿತು, ಆರಕ್ಕೆ ಬಸ್ಸು ಹೊರಟಿತು. ನೋಡಿದವರು ಊರಿಗೆ ಹೋಗಿ ಹೊಗಳಿದರು. ಮೂರು ವಾರ ಹೌಸ್‌ಫುಲ್ ಬೋರ್ಡು ಇಳಿಯಲಿಲ್ಲ. ಧಣಿಗಳು ಗಿರಣಿಯ ಮಾತೆತ್ತುವುದನ್ನು ಬಿಟ್ಟರು.

ಒಂದು ಶನಿವಾರ ಬಾಗಿಲಲ್ಲಿ ಕಾರು ನಿಂತಿತು. ಸಾಕ್ಷಾತ್ ನಿರ್ದೇಶಕರು. ಧರ್ಮಸ್ಥಳಕ್ಕೆ ಹೊರಟವರು ತಮ್ಮದೇ ಸಿನಿಮಾಕ್ಕೆ ಹೌಸ್‌ಫುಲ್ ಬೋರ್ಡು ಕಂಡು ನಂಬಲಾರದೆ ಇಳಿದಿದ್ದರು. ಒಳಗೆ ಹೋಗಿ ಕೂತೇಬಿಟ್ಟರು.

ಹತ್ತನೆಯ ರೀಲು ಮುಗಿಯುತ್ತ ಬಂತು. ಹಿಮ ಹಾಕಿದರೆ ಜನ ಎದ್ದು ಹೋಗುತ್ತಾರೆ, ಹಾಕದಿದ್ದರೆ ನಿರ್ದೇಶಕರು ಎದ್ದು ಬರುತ್ತಾರೆ. ಹನ್ನೊಂದನೆಯದನ್ನು ಕೈಗೆ ತೆಗೆದುಕೊಂಡೆ. ಗಡಿಯಾರ ನೋಡಿದೆ. ವಾಪಸು ಇಟ್ಟು ಹದಿನಾಲ್ಕನೆಯದನ್ನು ಏರಿಸಿದೆ.

ಆಟ ಮುಗಿಯಿತು, ಜನ ಚಪ್ಪಾಳೆ ತಟ್ಟಿ ಬಸ್ಸಿಗೆ ಓಡಿದರು. ನಿರ್ದೇಶಕರು ಮೇಲೆ ಬಂದರು. "ಮೂರು ರೀಲು ಎಲ್ಲಿ?"

ಪೆಟ್ಟಿಗೆ ತೋರಿಸಿ ಬಸ್ಸಿನ ಕತೆ ಹೇಳಿದೆ. ಅವರು ಪೆಟ್ಟಿಗೆಯ ಮೇಲೆಯೇ ಕೂತುಬಿಟ್ಟರು. "ಈ ಹಿಮಕ್ಕಾಗಿ ನಾನು ಎರಡು ತಿಂಗಳು ಕಾದಿದ್ದೆ," ಎಂದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಹೋದ ಜೀವ ಬಂತು.

"ಆ ಕಂಡಕ್ಟರನ್ನು ತೋರಿಸಿ," ಎಂದರು. ಕೆಳಗಿಳಿದು ಹೋಗಿ, ಜನ ಇನ್ನೂ ಹತ್ತುತ್ತಿದ್ದ ಬಸ್ಸಿನ ಫುಟ್‌ಬೋರ್ಡಿನಲ್ಲಿ ನಿಂತಿದ್ದವನ ಕೈ ಹಿಡಿದರು. "ಈ ಸಿನಿಮಾದ ನಿರ್ದೇಶಕ ನಾನು. ನನ್ನ ಎಡಿಟರಿಗೆ ಆರು ತಿಂಗಳಲ್ಲಿ ಆಗದ್ದನ್ನು ನೀವು ಒಂದು ಸೀಟಿಯಲ್ಲಿ ಮಾಡಿದಿರಿ."

ಕಂಡಕ್ಟರ್ ಅವರನ್ನು ಮೇಲಿಂದ ಕೆಳಗೆ ನೋಡಿ, ಕೈ ಬಿಡಿಸಿಕೊಂಡು ವಾಚು ನೋಡಿದ.

"ಹೌದಾ ಸರ್? ನೀವೇ ಸಿಕ್ಕಿದ್ದು ಒಳ್ಳೆಯದಾಯಿತು. ಮುಂದಿನದ್ದನ್ನು ಐದೂಮುಕ್ಕಾಲಿಗೆ ಮುಗಿಸಿ. ಈ ಜನ ಹತ್ತುವಾಗಲೇ ಹತ್ತು ನಿಮಿಷ ಆಗ್ತದೆ."